ಶಾಲೆಗಳಲ್ಲಿ ಕಾನೂನು ಪಾಠ: ಸಂಯೋಜಕರ ಸಂಬಳಕ್ಕೆ ವಕೀಲರ ಸಂಘ ದುಡ್ಡು ಹೊಂದಿಸುವುದು ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿ, ಎಲ್ಲಿಯದೇ ವಕೀಲರ ಸಂಘಕ್ಕೆ ಹೋಗಿ ಕೇಳಿ. ಶಾಲೆಗೆ ಹೋಗಿ ಮಕ್ಕಳಿಗೆ ನಾಲ್ಕು ಮಾತು ಹೇಳಲು ತಯಾರಿರುವ ವಕೀಲರು ಸಿಕ್ಕೇ ಸಿಗುತ್ತಾರೆ. ನವೆಂಬರ್ 9ರ ಕಾನೂನು ಸೇವೆಗಳ ದಿನ, ನವೆಂಬರ್ 26ರ ಸಂವಿಧಾನ ದಿನ ಬಂತೆಂದರೆ ಬ್ಯಾನರ್, ಶಾಲು, ಹಾರ, ಪೀಠಿಕೆ ಓದುವುದು, ಫೋಟೋ ಎಲ್ಲ ಆಗುತ್ತದೆ. ಡಿಸೆಂಬರ್‌ನಲ್ಲಿ ಆ ಶಾಲೆಯ ಕಡೆ ಯಾರೂ ತಲೆ ಹಾಕುವುದಿಲ್ಲ.

ಇದಕ್ಕೆ ವಕೀಲರ ಮನಸ್ಸು ಕಾರಣ ಅಂತ ನನಗೆ ಅನಿಸುವುದಿಲ್ಲ. ಕೋರ್ಟು ನಡೆಯುವ ಹೊತ್ತಿಗೇ ಶಾಲೆಯೂ ನಡೆಯುತ್ತದೆ, ಅಷ್ಟೇ. ಬುಧವಾರ ಮಧ್ಯಾಹ್ನ 2ಕ್ಕೆ ಅಂಕೋಲೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕ್ಲಾಸು ಇದೆ ಅಂದುಕೊಳ್ಳಿ. ಬೆಳಿಗ್ಗೆ 11ಕ್ಕೆ ಫೋನ್ ಬರುತ್ತದೆ: "ಇವತ್ತು ಕ್ರಾಸ್ (ಸಾಕ್ಷಿಯ ಪಾಟಿಸವಾಲು) ಇದೆ, ಬರೂಕೆ ಆಗೂದಿಲ್ಲ." ಈಗ ಬೇರೆ ವಕೀಲರನ್ನು ಹುಡುಕಬೇಕು. ಮುಖ್ಯೋಪಾಧ್ಯಾಯರಿಗೆ ಹೇಳಬೇಕು. ಹೊಸಬರ ಕೈಗೆ ಪಾಠದ ಹಾಳೆ ತಲುಪಿಸಬೇಕು. ಇದು ಯಾರ ಕೆಲಸ? ಸಂಘದ ಕಾರ್ಯದರ್ಶಿಯವರು ಅವರದ್ದೇ ಕೇಸಿನಲ್ಲಿ ನಿಂತಿರುತ್ತಾರೆ. ಎರಡು ಸಲ ಹೀಗೆ ಆದರೆ ಶಾಲೆಯವರು ಮೂರನೇ ಸಲ ಪಿರಿಯಡ್ಡೇ ಕೊಡುವುದಿಲ್ಲ.

ಹಾಗಾಗಿ ಕಾರ್ಯಕ್ರಮಕ್ಕೆ ಅಂತ ದುಡ್ಡು ಎತ್ತುವ ಮೊದಲು ಒಬ್ಬ ಮನುಷ್ಯರ ಸಂಬಳಕ್ಕೆ ದುಡ್ಡು ಎತ್ತಿ. ವಕೀಲರ ಸಮಯ ಪುಕ್ಕಟೆ ಸಿಗುತ್ತದೆ, ಶಾಲೆಯ ಕೋಣೆಯೂ ಪುಕ್ಕಟೆ. ಇವೆರಡನ್ನೂ ಜೋಡಿಸುವವರು ಮಾತ್ರ ಪುಕ್ಕಟೆ ಸಿಗುವುದಿಲ್ಲ.

ಮೊದಲನೆಯದು: ಕೆಲಸವನ್ನು ಕಾಗದದ ಮೇಲೆ ಬರೆಯಿರಿ

"ಸಂಯೋಜಕರು ಬೇಕು" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಸಂಘದ ಸದಸ್ಯರಿಗೇ ಆಗುವುದಿಲ್ಲ, ಇನ್ನು ದುಡ್ಡು ಕೊಡುವವರಿಗೆ ಎಲ್ಲಿಂದ? ವಾರದ ಕೆಲಸವನ್ನು ಬಿಡಿಸಿ ಬರೆಯಿರಿ. ಯಾವ ಶಾಲೆಗೆ ಯಾರು, ಯಾವ ವಿಷಯ, ಯಾವ ತರಗತಿ ಎಂಬ ಪಟ್ಟಿ ಮಾಡುವುದು. ಹಿಂದಿನ ದಿನ ಎರಡೂ ಕಡೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದು. ಕ್ಲಾಸಿಗೆ ವಕೀಲರ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು. ಮಕ್ಕಳು ಕೇಳಿದ ಪ್ರಶ್ನೆ ಬರೆದಿಟ್ಟುಕೊಳ್ಳುವುದು. ಬಿಲ್ಲು, ರಶೀದಿ, ಹಾಜರಿ ಪುಸ್ತಕ ನೋಡಿಕೊಳ್ಳುವುದು. ದುಡ್ಡು ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ವರದಿ ಕಳಿಸುವುದು.

ಪ್ರಶ್ನೆ ಬರೆದಿಟ್ಟುಕೊಳ್ಳುವುದು ಚಿಕ್ಕ ಕೆಲಸ ಅನಿಸಬಹುದು. ಮುಂದಿನ ವರ್ಷದ ಪಾಠ ಅದರಿಂದಲೇ ಹುಟ್ಟುತ್ತದೆ. ಹೆಚ್ಚಿನ ವಕೀಲರು ಕ್ಲಾಸಿಗೆ ಹೋದ ಕೂಡಲೇ ಮೂಲಭೂತ ಹಕ್ಕುಗಳ ಪಟ್ಟಿ ಹೇಳಲು ಶುರು ಮಾಡುತ್ತಾರೆ. ಅದು ಸಮಾಜ ವಿಜ್ಞಾನದ ಪುಸ್ತಕದಲ್ಲೇ ಇದೆ. ಮಕ್ಕಳ ತಲೆಯಲ್ಲಿರುವ ಪ್ರಶ್ನೆಗಳೇ ಬೇರೆ. ಹತ್ತನೇ ತರಗತಿ ಹುಡುಗ ಸ್ಕೂಟರ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ ಏನಾಗುತ್ತದೆ? (2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ₹25,000 ದಂಡ, 3 ವರ್ಷದವರೆಗೆ ಜೈಲೂ ಆಗಬಹುದು.) ಅಜ್ಜ ಸಾಗುವಳಿ ಮಾಡಿದ ಜಾಗ ಅತಿಕ್ರಮಣ ಅಂತಾರಲ್ಲ, ಹಾಗಂದರೆ ಏನು? ಅಕ್ಕನಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಮಾತು ನಡೆದರೆ ಯಾರಿಗೆ ಹೇಳಬೇಕು? ಮಕ್ಕಳ ಗ್ರಾಮಸಭೆಯಲ್ಲಿ ನಾವು ಕೇಳಿದ್ದಕ್ಕೆ ಪಂಚಾಯ್ತಿಯವರು ಉತ್ತರ ಕೊಡಲೇಬೇಕಾ? ಇಂಥ ಪ್ರಶ್ನೆಗಳ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ದುಡ್ಡು ಕೇಳುವಾಗಲೂ ಅದೇ ದೊಡ್ಡ ಬಲ.

ಎರಡನೆಯದು: ಯಾರನ್ನು ನೇಮಿಸಬಾರದು ಅಂತ ಮೊದಲು ತಿಳಿದುಕೊಳ್ಳಿ

ಇಲ್ಲಿ ವಕೀಲರ ಸಂಘಗಳೇ ಎಡವುತ್ತವೆ, ತಮಾಷೆಯೇ ಅಲ್ವಾ? ಈಗಷ್ಟೇ ಸನ್ನದು (ವಕೀಲಿ ಮಾಡುವ ಪರವಾನಗಿ) ತೆಗೆದುಕೊಂಡ ಜೂನಿಯರ್ ಒಬ್ಬರಿದ್ದಾರೆ, ಕೆಲಸ ಕಮ್ಮಿ ಇದೆ, ಅವರನ್ನೇ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳೋಣ ಎನ್ನುವುದು ಎಲ್ಲರಿಗೂ ಹೊಳೆಯುವ ದಾರಿ. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವಕೀಲಿ ವೃತ್ತಿಯಲ್ಲಿ ಇರುವವರು ಯಾರದೇ ಪೂರ್ಣಾವಧಿ ಸಂಬಳದ ನೌಕರರಾಗಿ ಇರುವ ಹಾಗಿಲ್ಲ. ಆ ಜೂನಿಯರ್ ಸನ್ನದು ತಡೆಹಿಡಿಸಿಕೊಳ್ಳಬೇಕಾಗುತ್ತದೆ. ಎರಡು ವರ್ಷದ ಒಂದು ಯೋಜನೆಗಾಗಿ ಅಂಥದ್ದನ್ನು ಯಾರಿಂದಲೂ ಮಾಡಿಸಬೇಡಿ.

ನನ್ನ ಪ್ರಕಾರ ವಕೀಲರಲ್ಲದವರೇ ಈ ಕೆಲಸಕ್ಕೆ ಒಳ್ಳೆಯವರು. ಬಿ.ಎಡ್. ಮಾಡಿ ಮನೆಯಲ್ಲಿರುವವರು, ಸಮಾಜಕಾರ್ಯ ಓದಿದವರು, ನಿವೃತ್ತ ಶಿಕ್ಷಕರು. ಶಾಲೆಯ ಗಂಟೆ, ಪರೀಕ್ಷೆ, ಬಿಸಿಯೂಟದ ಹೊತ್ತು ಅವರಿಗೆ ಗೊತ್ತಿರುತ್ತದೆ. ಭಾಷೆಯನ್ನೂ ನೋಡಿ. ಕಾರವಾರದ ಸುತ್ತ ಕೊಂಕಣಿ, ಹಳಿಯಾಳ–ಜೋಯಿಡಾ ಕಡೆ ಮರಾಠಿ, ಭಟ್ಕಳದಲ್ಲಿ ಉರ್ದು ಶಾಲೆಗಳೂ ಇವೆ. ಕನ್ನಡದ ಜೊತೆ ಇನ್ನೊಂದು ಭಾಷೆ ಬಂದರೆ ಅರ್ಧ ಕೆಲಸ ಹಗುರ.

ಕಾನೂನು ಕಾಲೇಜಿನ ವಿದ್ಯಾರ್ಥಿಗಳನ್ನು ಬಳಸಬಹುದಾ? ಖಂಡಿತ. ಮೂರು ವರ್ಷದ ಕೋರ್ಸಿನವರು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಕ್ಲಾಸಿಗೆ ಸಹಾಯಕ್ಕೆ ಅವರು ಚೆನ್ನ. ಆದರೆ ಪರೀಕ್ಷೆ ಬಂದ ಕೂಡಲೇ ಮಾಯವಾಗುತ್ತಾರೆ. ಸಂಯೋಜಕರ ಜಾಗಕ್ಕೆ ಅವರನ್ನು ಕೂರಿಸಬೇಡಿ.

ಮೂರನೆಯದು: ದುಡ್ಡು ಯಾವ ಖಾತೆಗೆ ಬರಬೇಕು?

ವಕೀಲರ ಸಂಘ ಮೂಲತಃ ಸದಸ್ಯರ ಹಿತಕ್ಕಾಗಿ ಇರುವ ಸಂಘ. ಗ್ರಂಥಾಲಯ, ಕ್ಷೇಮನಿಧಿ, ಕ್ರೀಡೆ, ಬೀಳ್ಕೊಡುಗೆ ಎಲ್ಲ ಒಂದೇ ಲೆಕ್ಕದಲ್ಲಿ ಇರುತ್ತವೆ. ಶಾಲೆಗೆ ಅಂತ ಬಂದ ದುಡ್ಡು ಇದರೊಳಗೆ ಸೇರಿದರೆ ಹುಣಸೆಹುಳಿಯಲ್ಲಿ ಉಪ್ಪು ಕರಗಿದ ಹಾಗೆ, ಆಮೇಲೆ ಬೇರೆ ಮಾಡಲು ಬರುವುದಿಲ್ಲ. ಸದಸ್ಯರ ಹಿತದ ಸಂಸ್ಥೆಗೆ ಧರ್ಮಾರ್ಥ ಸಂಸ್ಥೆ ಅಂತ ತೆರಿಗೆ ನೋಂದಣಿ ಸಿಗುವುದೂ ತ್ರಾಸು.

ಎರಡು ದಾರಿ ಇವೆ. ಸಣ್ಣದಾಗಿ ಶುರು ಮಾಡುವುದಾದರೆ ಸಂಘದ ಹೆಸರಿನಲ್ಲೇ ಪ್ರತ್ಯೇಕ ಬ್ಯಾಂಕ್ ಖಾತೆ ತೆಗೆಯಿರಿ. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಇಬ್ಬರ ಸಹಿ ಕಡ್ಡಾಯ ಮಾಡಿ, ಸದಸ್ಯರ ವಂತಿಗೆಯಿಂದ ಒಂದು ವರ್ಷ ನಡೆಸಿ ನೋಡಿ. ಹೊರಗಿನ ದೊಡ್ಡ ದುಡ್ಡು ಬೇಕು ಅಂದರೆ ಶಿಕ್ಷಣವೇ ಉದ್ದೇಶವಾದ ಬೇರೆ ಟ್ರಸ್ಟ್ ಅಥವಾ ಸೊಸೈಟಿ ಮಾಡಬೇಕು. ಟ್ರಸ್ಟ್ ಆದರೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಸೊಸೈಟಿ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ 7 ಜನ. ಒಬ್ಬಿಬ್ಬರು ನಿವೃತ್ತ ಶಿಕ್ಷಕರನ್ನೂ ಒಬ್ಬ ಪಾಲಕರನ್ನೂ ಸೇರಿಸಿ. ಬರೀ ಕಪ್ಪು ಕೋಟಿನವರೇ ಇದ್ದರೆ ಮುಂದಿನ ಚುನಾವಣೆಯ ಜಗಳ ಇದಕ್ಕೂ ತಟ್ಟುತ್ತದೆ.

ನಂತರ ಆದಾಯ ತೆರಿಗೆ ಇಲಾಖೆಯ ನೋಂದಣಿ. ಎಲ್ಲರ ಬಾಯಲ್ಲಿ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ಅಂತಲೇ ಇರುವುದು ಇವೇ. 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿವೆ, ಹಾಗಾಗಿ ಅರ್ಜಿ ಹಾಕುವಾಗ ಈಗಿನ ನಮೂನೆ ಯಾವುದು ಅಂತ ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಿ. ಒಂದು ಕಿವಿಮಾತು: "ತೆರಿಗೆ ಉಳಿಯುತ್ತದೆ" ಅಂತ ಹೇಳಿಕೊಂಡು ದುಡ್ಡು ಕೇಳಲು ಹೋಗಬೇಡಿ. ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೆ 80ಜಿ ವಿನಾಯಿತಿಯೇ ಸಿಗುವುದಿಲ್ಲ. ಹಳೆಯದರಲ್ಲಿ ಇರುವವರಿಗೂ ₹2,000 ಮೀರಿ ನಗದು ಕೊಟ್ಟರೆ ಸಿಗುವುದಿಲ್ಲ. ಚೆಕ್ ಅಥವಾ ಯುಪಿಐ ಮೂಲಕವೇ ಪಡೆಯಿರಿ. ದಾನಿಗಳ ಪಟ್ಟಿಯನ್ನು ಪ್ರತಿ ವರ್ಷ ಇಲಾಖೆಗೆ ಸಲ್ಲಿಸಬೇಕು. 10ಬಿಡಿ ಅನ್ನುತ್ತಿದ್ದುದು ಇದನ್ನೇ, ಗಡುವು ಮೇ 31. ತಪ್ಪಿದರೆ ದಿನಕ್ಕೆ ₹200 ಶುಲ್ಕ ಬೀಳುತ್ತದೆ. ಸಂಯೋಜಕರ ಕೆಲಸದ ಪಟ್ಟಿಯಲ್ಲಿ ಇದನ್ನೂ ಬರೆಯಿರಿ.

ನಾಲ್ಕನೆಯದು: ಶಾಲೆಯ ಬಾಗಿಲು ತೆರೆಸುವುದು

ಇದು ಬೇಗ ಮುಗಿಯುವ ವಿಷಯ. ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳು. ಕರಾವಳಿಯ ಐದು ತಾಲೂಕು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಎರಡೂ ಕಡೆ ಕೆಲಸ ಮಾಡುವುದಾದರೆ ಶಾಲಾ ಶಿಕ್ಷಣ ಇಲಾಖೆಯ ಇಬ್ಬರು ಉಪನಿರ್ದೇಶಕರ ಅನುಮತಿ ಪತ್ರ ಬೇಕು. ನಂತರ ಕ್ಷೇತ್ರ ಶಿಕ್ಷಣಾಧಿಕಾರಿ, ನಂತರ ಮುಖ್ಯೋಪಾಧ್ಯಾಯರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ತಿಳಿಸಿ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕಾರವಾರದಲ್ಲಿದೆ, ತಾಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. ಕಾನೂನು ಅರಿವು ಮೂಡಿಸುವುದು 1987ರ ಕಾಯ್ದೆ ಪ್ರಕಾರ ಈ ವ್ಯವಸ್ಥೆಯದ್ದೇ ಕೆಲಸ. ಅವರ ಜೊತೆ ಸೇರಿಕೊಂಡರೆ ಶಾಲೆಗಳಲ್ಲಿ ಮಾತಿಗೆ ತೂಕ ಬರುತ್ತದೆ, ಪುಸ್ತಿಕೆಗಳು ಸಿಗುತ್ತವೆ. ಆದರೆ ನಿಮ್ಮ ಸಂಯೋಜಕರಿಗೆ ಅವರು ಸಂಬಳ ಕೊಡುತ್ತಾರೆ ಅಂತ ಕಾಯಬೇಡಿ. ಅವರ ಅನುದಾನ ಅವರ ಪ್ಯಾನೆಲ್ ವಕೀಲರಿಗೆ, ಅರೆಕಾನೂನು ಸ್ವಯಂಸೇವಕರಿಗೆ. ನಿಮ್ಮ ಸಂಯೋಜಕರು ಅಲ್ಲಿಯೂ ಸ್ವಯಂಸೇವಕರಾಗಿದ್ದರೆ ಒಂದೇ ದಿನಕ್ಕೆ ಎರಡು ಕಡೆ ದುಡ್ಡು ಪಡೆಯದ ಹಾಗೆ ನೋಡಿಕೊಳ್ಳಿ.

ಐದನೆಯದು: ಬಜೆಟ್

ಸಂಬಳ ನಾಚಿಕೊಂಡು ಬರೆಯಬೇಡಿ. "ಸೇವಾ ಮನೋಭಾವದವರು ಬೇಕು" ಅಂತ ₹8,000 ಇಟ್ಟರೆ ಸೇವಾ ಮನೋಭಾವದವರು ಮೂರು ತಿಂಗಳಿಗೆ ಹುಬ್ಬಳ್ಳಿಗೋ ಗೋವೆಗೋ ಹೋಗುತ್ತಾರೆ. ವಕೀಲರ ಸಂಘವೇ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಕಾನೂನು ಪಾಠಕ್ಕೆ ಏನು ಬೆಲೆ? ಇಲ್ಲೊಂದು ಮಾದರಿ ಲೆಕ್ಕ ಇದೆ. ನಿಮ್ಮ ಊರಿಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ.

ಸಂಬಳ, ತಿಂಗಳಿಗೆ ₹20,000ದಂತೆ 12 ತಿಂಗಳು: ₹2,40,000
ಚೌತಿಗೆ ಒಂದು ತಿಂಗಳ ಬೋನಸ್: ₹20,000
ಓಡಾಟ, ತಿಂಗಳಿಗೆ ₹3,000ದಂತೆ 10 ತಿಂಗಳು: ₹30,000
ಫೋನ್, ಇಂಟರ್ನೆಟ್: ₹6,000
ಪಾಠದ ಹಾಳೆ, ಪುಸ್ತಿಕೆ ಮುದ್ರಣ: ₹25,000
ಮಕ್ಕಳ ಸುರಕ್ಷತೆ ಬಗ್ಗೆ ವಕೀಲರಿಗೆ, ಸಂಯೋಜಕರಿಗೆ ತರಬೇತಿ: ₹10,000
ಅಪಘಾತ ವಿಮೆ: ₹4,000
ಲೆಕ್ಕಪರಿಶೋಧನೆ: ₹15,000
ಒಟ್ಟು: ₹3,50,000

ಓಡಾಟದ ಬಗ್ಗೆ ಎರಡು ಮಾತು. ಸಂಯೋಜಕಿ ಆದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪುಕ್ಕಟೆ, ಓಡಾಟದ ಖರ್ಚು ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಸ್ಸು ಬಿಡುವುದು ಮುಖ್ಯ ರಸ್ತೆಯಲ್ಲಿ. ಜೋಯಿಡಾದ ಒಳಗಿನ ಶಾಲೆಗೆ, ಸಿದ್ದಾಪುರದ ಮೂಲೆಯ ಶಾಲೆಗೆ ಅಲ್ಲಿಂದ ಆಟೋ ಬೇಕು, ಇಲ್ಲವೇ ಯಾರದಾದರೂ ಬೈಕ್ ಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆದರೆ ಸುತ್ತು ಹಾಕಬೇಕು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು. ಹಾಗಾಗಿ ಜೂನ್, ಜುಲೈಗೆ ಪೇಟೆಯ ಸಮೀಪದ ಶಾಲೆಗಳನ್ನು ಇಟ್ಟುಕೊಳ್ಳಿ, ದೂರದವನ್ನು ನವೆಂಬರ್ ನಂತರ ಹಾಕಿ.

ಈಗ ಇದೇ ಅಂಕಿಯನ್ನು ತಿರುಗಿಸಿ ನೋಡಿ. 40 ಶಾಲೆ, ಪ್ರತಿ ಶಾಲೆಗೆ ವರ್ಷಕ್ಕೆ 6 ಕ್ಲಾಸು, ಒಟ್ಟು 240. ವಕೀಲರು 30 ಜನ ಇದ್ದರೆ ಒಬ್ಬೊಬ್ಬರಿಗೆ ವರ್ಷಕ್ಕೆ 8 ಕ್ಲಾಸು ಮಾತ್ರ. ₹3,50,000ವನ್ನು 40ರಿಂದ ಭಾಗಿಸಿದರೆ ಒಂದು ಶಾಲೆಗೆ ವರ್ಷಕ್ಕೆ ₹8,750. ದುಡ್ಡು ಕೇಳುವಾಗ ಹೇಳಬೇಕಾದ ಸಂಖ್ಯೆ ಇದು. ಮೂರೂವರೆ ಲಕ್ಷ ಅಂದರೆ ಜನ ಹಿಂದೆ ಸರಿಯುತ್ತಾರೆ. "ನೀವು ಓದಿದ ಶಾಲೆಗೆ ಒಂದು ವರ್ಷ" ಅಂದರೆ ಮುಂದೆ ಬರುತ್ತಾರೆ.

ಇದರ ಜೊತೆಗೆ ಮೂರು ತಿಂಗಳ ಸಂಬಳ, ಅಂದರೆ ₹60,000, ಖಾತೆಯಲ್ಲಿ ಬಂದ ಮೇಲೆಯೇ ನೇಮಕ ಮಾಡಿ. ಅನುದಾನದ ಕಂತು ತಡವಾದರೆ ಕೋರ್ಟಿನ ಕಾರಿಡಾರಿನಲ್ಲಿ ಸಂಯೋಜಕರ ಕಣ್ಣು ತಪ್ಪಿಸಿಕೊಂಡು ಓಡಾಡಬೇಕಾಗುತ್ತದೆ.

ಆರನೆಯದು: ಯಾರ ಹತ್ತಿರ ಕೇಳಬೇಕು, ಯಾವಾಗ ಕೇಳಬೇಕು

ಮೊದಲು ನಿಮ್ಮವರ ಹತ್ತಿರವೇ ಕೇಳಿ. ಸಂಘದ 60 ಜನ ತಿಂಗಳಿಗೆ ₹100 ಕೊಟ್ಟರೆ ವರ್ಷಕ್ಕೆ ₹72,000 ಆಯಿತು. ಹೊರಗಿನವರು ಕೇಳುವ ಮೊದಲ ಪ್ರಶ್ನೆ "ನೀವೆಷ್ಟು ಹಾಕಿದ್ದೀರಿ?" ಎಂಬುದೇ. ಅದಕ್ಕೆ ಉತ್ತರ ಇಲ್ಲದೆ ಯಾರ ಮನೆ ಮೆಟ್ಟಿಲೂ ಹತ್ತಬೇಡಿ. ಕ್ಷೇಮನಿಧಿಯ ದುಡ್ಡನ್ನು ಮಾತ್ರ ಮುಟ್ಟಬೇಡಿ, ಅದು ಕಷ್ಟಕ್ಕೆ ಸಿಲುಕಿದ ವಕೀಲರದ್ದು.

ಎರಡನೆಯವರು ಸಹಕಾರಿ ಸಂಘಗಳು. ಘಟ್ಟದ ಮೇಲೆ ಅಡಿಕೆ ಸಂಘಗಳು, ಪ್ರತಿ ಊರಲ್ಲೂ ಸೇವಾ ಸಹಕಾರಿ ಸಂಘ, ಕರಾವಳಿಯಲ್ಲಿ ಮೀನುಗಾರರ ಸಂಘಗಳು ಇವೆ. ಶಿಕ್ಷಣಕ್ಕೆ, ಊರಿನ ಕೆಲಸಕ್ಕೆ ಕೊಡುವ ರೂಢಿ ಇವುಗಳಲ್ಲಿ ಇದೆ. ವಾರ್ಷಿಕ ಸಭೆ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಲಾಭದ ಹಂಚಿಕೆಗೆ ಮಂಜೂರಿ ಸಿಗುವುದು ಅಲ್ಲಿ. ಹಾಗಾಗಿ ಜೂನ್‌ನಲ್ಲೇ ಅರ್ಜಿ ಆಡಳಿತ ಮಂಡಳಿಯ ಮುಂದೆ ಇರಬೇಕು. ಬೆಳೆಗಾರರನ್ನು ಒಬ್ಬೊಬ್ಬರಾಗಿ ಕೇಳುವುದಾದರೆ ಅಡಿಕೆ ಮಾರಿದ ಮೇಲೆ ಹೋಗಿ. ದೋಣಿ ಮಾಲೀಕರನ್ನು ಜೂನ್ 1ರಿಂದ ಜುಲೈ 31ರವರೆಗೆ ಕೇಳಲೇಬೇಡಿ. ಯಾಂತ್ರೀಕೃತ ದೋಣಿಗಳಿಗೆ ಆಗ ನಿಷೇಧ, ದುಡಿಮೆಯೇ ಇಲ್ಲದ ಹೊತ್ತು.

ಇಲ್ಲಿ ಒಂದು ಮಾತು ಕೇಳಿಸಿಕೊಳ್ಳಲು ತಯಾರಾಗಿರಿ. ಅಧ್ಯಕ್ಷರು ಚಾ ಕೊಟ್ಟು ಹೇಳುತ್ತಾರೆ: "ವಕೀಲ್ರೇ, ಕಾರ್ಯಕ್ರಮ ಮಾಡಿ, ಪೆಂಡಾಲಿಗೆ, ಊಟಕ್ಕೆ ಎಷ್ಟು ಬೇಕು ಹೇಳಿ, ಕೊಡ್ವ. ಸಂಬಳ ಗಿಂಬಳ ಎಲ್ಲ ಬೇಡ." ಸಿಟ್ಟು ಮಾಡಬೇಡಿ. ಅವರ ಸಂಘದ ಲೆಕ್ಕವನ್ನೇ ಎತ್ತಿ. "ಕಾರ್ಯದರ್ಶಿಗೆ, ಗುಮಾಸ್ತರಿಗೆ ಸಂಬಳ ಕೊಡದೆ ನಿಮ್ಮ ಸೊಸೈಟಿ ಒಂದು ವಾರ ನಡೀತದಾ ಅಧ್ಯಕ್ಷರೇ?" ಅಂತ ನಗುತ್ತಾ ಕೇಳಿ. ಸಹಕಾರಿಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆಮೇಲೆ ₹8,750ರ ಲೆಕ್ಕ ಮುಂದಿಡಿ. ಐದು ಸಂಘಗಳು ₹20,000ದಂತೆ ಕೊಟ್ಟರೆ ಒಂದು ಲಕ್ಷ.

ಮೂರನೆಯವರು ಊರು ಬಿಟ್ಟವರು. ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳಲ್ಲಿ ನಮ್ಮವರು ಎಷ್ಟೋ ಜನ ಇದ್ದಾರೆ. ತಾವು ಓದಿದ ಶಾಲೆಯ ಹೆಸರು ಕೇಳಿದರೆ ಕರಗುತ್ತಾರೆ. ಹತ್ತು ಜನ ಹತ್ತು ಶಾಲೆ ಹಿಡಿದರೆ ₹87,500. ವಿದೇಶದಿಂದ ಬರುವ ದುಡ್ಡಿನಲ್ಲಿ ಎಚ್ಚರ ಇರಲಿ. ಅಲ್ಲಿ ದುಡಿಯುವ ಭಾರತೀಯ ನಾಗರಿಕರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ಕಡತದಲ್ಲಿ ಇಡಿ. ಅವರು ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬಾರದು.

ಮೇಲಿನ ಮೂರೂ ಸೇರಿದರೆ ₹2,59,500. ಉಳಿದದ್ದು ₹90,500. ಇದಕ್ಕೆ ಕಂಪನಿಗಳ ಕಡೆ ನೋಡಬಹುದು.

ಕಂಪನಿ ದುಡ್ಡು: ಸಿಗುತ್ತದೆ, ಆದರೆ ಯೋಚಿಸಿ

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದಾದರೂ ಒಂದು ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಅನ್ನು ಸಾಮಾಜಿಕ ಕೆಲಸಕ್ಕೆ (ಸಿಎಸ್‌ಆರ್ ಅನ್ನುವುದು ಇದನ್ನೇ) ಖರ್ಚು ಮಾಡಬೇಕು. ಶಿಕ್ಷಣ ಅದರ ಪಟ್ಟಿಯಲ್ಲಿದೆ. ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ಎನ್‌ಪಿಸಿಐಎಲ್, ದಾಂಡೇಲಿಯ ಕಾಗದ ಕಾರ್ಖಾನೆ, ಬಿಣಗಾದ ರಾಸಾಯನಿಕ ಘಟಕ ಅಂತ ದೊಡ್ಡವು ಇವೆ.

"ಸಿಎಸ್‌ಆರ್‌ನಲ್ಲಿ ಸಂಬಳಕ್ಕೆ 5% ಮಾತ್ರ" ಅಂತ ಯಾರೋ ಹೇಳಿರುತ್ತಾರೆ. ಅದು ಪೂರ್ತಿ ಸರಿಯಲ್ಲ. ಆ 5% ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ. ಅರ್ಜಿಯಲ್ಲಿ "ಆಡಳಿತ ವೆಚ್ಚ" ಅಂತ ಬರೆಯುವ ಬದಲು "ಯೋಜನಾ ಸಂಯೋಜಕರು, 40 ಶಾಲೆ, 240 ತರಗತಿ" ಅಂತ ಬರೆಯಿರಿ. ಕೆಲಸವೂ ನಿಜಕ್ಕೂ ಅದೇ ತಾನೆ?

ತೊಡಕು ಬೇರೆ ಇದೆ. ಕಂಪನಿಯ ದುಡ್ಡು ಪಡೆಯುವ ಟ್ರಸ್ಟಿಗೆ 12ಎ, 80ಜಿ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ ಆಗಿರಬೇಕು, ಇಂಥದ್ದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. ನಿನ್ನೆ ಹುಟ್ಟಿದ ಟ್ರಸ್ಟಿಗೆ ಸಿಗುವುದಿಲ್ಲ. ಮೊದಲ ಮೂರು ವರ್ಷ ಊರಿನ ದುಡ್ಡಲ್ಲಿ ನಡೆಸಿ. ಅಲ್ಲಿಯವರೆಗೆ ₹90,500ರ ಕೊರತೆಗೆ ಶಾಲೆಗಳ ಸಂಖ್ಯೆ ಇಳಿಸಿ, ಇಲ್ಲವೇ ಸಂಯೋಜಕರನ್ನು ಅರ್ಧ ದಿನಕ್ಕೆ ಇಟ್ಟುಕೊಳ್ಳಿ. ಅರ್ಹತೆ ಬಂದ ಮೇಲೆ ಜನವರಿಯಲ್ಲೇ ಅರ್ಜಿ ಕೊಡಿ, ಮುಂದಿನ ವರ್ಷದ ಕಾರ್ಯಯೋಜನೆಯಲ್ಲಿ ಸೇರಬೇಕಲ್ಲ.

ಇನ್ನು ಯೋಚಿಸಬೇಕಾದದ್ದು. ನಮ್ಮ ಜಿಲ್ಲೆಯಲ್ಲಿ ಭೂಸ್ವಾಧೀನ, ಪರಿಹಾರ, ಅರಣ್ಯ ಜಾಗದ ಕೇಸುಗಳು ತಲೆಮಾರಿನಿಂದ ನಡೆದಿವೆ. ಯೋಜನೆಗಳಿಗೆ ಜಾಗ ಕಳೆದುಕೊಂಡವರ ಮಕ್ಕಳು ನಿಮ್ಮ ಕ್ಲಾಸಿನಲ್ಲಿ ಕೂತಿರುತ್ತಾರೆ. ಸಂಘದ ಸದಸ್ಯರಲ್ಲಿ ಒಬ್ಬರು ಕಂಪನಿ ಪರ ಇರುತ್ತಾರೆ, ಇನ್ನೊಬ್ಬರು ಎದುರು ಇರುತ್ತಾರೆ. ಕಂಪನಿಯ ಹೆಸರಿನ ಬ್ಯಾನರಿನ ಕೆಳಗೆ ನಿಂತು ಆ ಮಕ್ಕಳಿಗೆ ಹಕ್ಕಿನ ಪಾಠ ಹೇಳಲು ಆಗುತ್ತದಾ? ಹಾಗಂತ ದುಡ್ಡೇ ಬೇಡ ಅಂತ ನಾನು ಹೇಳುವುದಿಲ್ಲ. ಮೊದಲೇ ಠರಾವು ಮಾಡಿಟ್ಟುಕೊಳ್ಳಿ: ಪಾಠದ ವಿಷಯದಲ್ಲಿ ದಾನಿಗಳ ಮಾತು ನಡೆಯುವುದಿಲ್ಲ, ತರಗತಿಯೊಳಗೆ ದಾನಿಗಳ ಹೆಸರು, ಬ್ಯಾನರ್ ಇರುವುದಿಲ್ಲ, ಒಬ್ಬ ದಾನಿಯಿಂದ ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಸಂಘದ ಸೂಚನಾ ಫಲಕದ ಮೇಲೆ ಇರುತ್ತದೆ. ಇದಕ್ಕೆ ಒಪ್ಪದವರ ದುಡ್ಡು ಬೇಡ.

ಕೇಳಿ ಪ್ರಯೋಜನ ಇಲ್ಲದ ಜಾಗವನ್ನೂ ಹೇಳಿಬಿಡುತ್ತೇನೆ. ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇರುವುದು ಕಟ್ಟಡ, ರಸ್ತೆಯಂಥ ಬಾಳಿಕೆ ಬರುವ ಆಸ್ತಿಗೆ. ಸಂಬಳಕ್ಕೆ ಅದರಿಂದ ಬರುವುದಿಲ್ಲ. ಸುಮ್ನೆ ಓಡಾಟ.

ಏಳನೆಯದು: ಪತ್ರ

ಒಂದು ಪುಟ ಸಾಕು. "ಮಾನ್ಯರೇ, ತಾವು ಸಮಾಜಮುಖಿ..." ಅಂತ ಹೊಗಳಿಕೆಯಿಂದ ಶುರು ಮಾಡಬೇಡಿ. ಹೀಗೆ ಬರೆಯಿರಿ:

"ನಮ್ಮ ತಾಲೂಕಿನ 40 ಪ್ರೌಢಶಾಲೆಗಳಲ್ಲಿ ಜೂನ್‌ನಿಂದ ಫೆಬ್ರವರಿವರೆಗೆ ತಲಾ 6 ಕಾನೂನು ತರಗತಿ ನಡೆಸಲು ನಮ್ಮ 30 ವಕೀಲರು ಸಂಭಾವನೆ ಇಲ್ಲದೆ ಒಪ್ಪಿದ್ದಾರೆ. ಇದನ್ನು ಜೋಡಿಸಲು ಒಬ್ಬ ಪೂರ್ಣಾವಧಿ ಸಂಯೋಜಕರು ಬೇಕು. ಒಂದು ಶಾಲೆಗೆ ವರ್ಷದ ಖರ್ಚು ₹8,750. ಸದಸ್ಯರೇ ₹72,000 ಹಾಕಿದ್ದೇವೆ. ತಮ್ಮ ಸಂಘ ಎರಡು ಶಾಲೆಗಳ ಖರ್ಚು ಹೊರಬೇಕೆಂದು ವಿನಂತಿ. ಯಾವ ಶಾಲೆ ಎಂಬುದನ್ನು ತಾವೇ ಆರಿಸಬಹುದು. ಮೂರು ತಿಂಗಳಿಗೊಮ್ಮೆ ಲೆಕ್ಕ, ವರದಿ ಕೊಡುತ್ತೇವೆ. ತಾವು ಯಾವಾಗ ಬೇಕಾದರೂ ಬಂದು ತರಗತಿ ನೋಡಬಹುದು."

ಜೊತೆಗೆ ಬಜೆಟ್ ಹಾಳೆ, ಉಪನಿರ್ದೇಶಕರ ಅನುಮತಿ ಪತ್ರ, ಮಕ್ಕಳು ಕೇಳಿದ ಹತ್ತು ಪ್ರಶ್ನೆಗಳ ಪಟ್ಟಿ ಇಡಿ. ಓದುವವರು ಮೊದಲು ಓದುವುದು ಆ ಪ್ರಶ್ನೆಗಳನ್ನೇ.

ಎಂಟನೆಯದು: ಮಕ್ಕಳ ಸುರಕ್ಷತೆ, ಮತ್ತು ಬ್ಯಾನರ್ ಮೇಲಿನ ಹೆಸರು

ಬಜೆಟ್‌ನಲ್ಲಿ ತರಬೇತಿಗೆ ₹10,000 ಯಾಕೆ ಅಂತ ಕೇಳುವವರಿಗೆ ಇದು ಉತ್ತರ. ಪೋಕ್ಸೋ (ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಬಗ್ಗೆ ಕ್ಲಾಸು ಮಾಡಿದ ದಿನ ಒಂದು ಮಗು ಹಿಂದೆ ಉಳಿದು ಏನೋ ಹೇಳಬಹುದು. ಆಗ ಏನು ಮಾಡಬೇಕು? 2012ರ ಆ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ. ಮಗುವಿನ ಗುರುತು ಹೊರಗೆ ಬರಬಾರದು. ವಕೀಲರು ಪಾಠ ಮುಗಿಸಿ ಕೋರ್ಟಿಗೆ ಓಡಿರುತ್ತಾರೆ. ಅಲ್ಲಿ ಉಳಿಯುವವರು ಸಂಯೋಜಕರು. "ನಾನು ಯಾರಿಗೂ ಹೇಳುವುದಿಲ್ಲ" ಅಂತ ಮಗುವಿಗೆ ಮಾತು ಕೊಡಬಾರದು, ಮತ್ತೆ ಮತ್ತೆ ಕೆದಕಿ ಕೇಳಬಾರದು ಅನ್ನುವುದು ಅವರಿಗೆ ಗೊತ್ತಿರಬೇಕು. ಕ್ಲಾಸಿನಲ್ಲಿ ಯಾವಾಗಲೂ ಒಬ್ಬ ಶಿಕ್ಷಕರು ಇರಲಿ. ನೇಮಕಕ್ಕೆ ಮೊದಲು ಪೊಲೀಸ್ ಪರಿಶೀಲನೆ ಮಾಡಿಸಿ. ವರದಿಗೆ ಮಕ್ಕಳ ಮುಖ ಕಾಣುವ ಫೋಟೋ ಬೇಡ, ಹಿಂದಿನಿಂದ ತೆಗೆದದ್ದು ಸಾಕು.

ಬ್ಯಾನರಿನಲ್ಲಿ ವಕೀಲರ ಹೆಸರು, ಫೋನ್ ನಂಬರ್ ಹಾಕಬೇಡಿ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಎನ್ನುವ ನಿಯಮ 36 ಇದಕ್ಕೂ ತಾಗಬಹುದು. ಮಕ್ಕಳ ಕೈಗೆ ವಿಸಿಟಿಂಗ್ ಕಾರ್ಡ್ ಕೊಡುವುದಂತೂ ಬೇಡವೇ ಬೇಡ. ಕರಿಹಲಗೆಯ ಮೇಲೆ ಎರಡು ನಂಬರ್ ಬರೆದು ಬನ್ನಿ: ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಅನ್ನುವುದನ್ನೂ ಹೇಳಿ.

ಎರಡನೇ ವರ್ಷಕ್ಕೆ

ಎರಡನೇ ವರ್ಷ ಮೊದಲನೆಯದಕ್ಕಿಂತ ಕಷ್ಟ. ಉತ್ಸಾಹ ಇಳಿದಿರುತ್ತದೆ, ಸಂಘದ ಪದಾಧಿಕಾರಿಗಳು ಬದಲಾಗಿರುತ್ತಾರೆ. ದಾನಿಗಳನ್ನು ಫೆಬ್ರವರಿ ಒಳಗೆ ಒಂದು ಕ್ಲಾಸಿಗೆ ಕರೆಯಿರಿ. ಭಾಷಣ ಕೇಳಿಸಬೇಡಿ, ಮಕ್ಕಳ ಕೈಯಲ್ಲಿ ಅಣಕು ನ್ಯಾಯಾಲಯ ಮಾಡಿಸಿ. ತಾಳಮದ್ದಲೆ ಕೇಳಿ ಬೆಳೆದ ಊರು ನಮ್ಮದು, ವಾದ ಮಾಡುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತನೇ ತರಗತಿಯವರನ್ನು ಇದಕ್ಕೆ ಎಳೆಯಬೇಡಿ, ಅವರಿಗೆ ಪರೀಕ್ಷೆ ಹತ್ತಿರ. ಎಂಟು, ಒಂಬತ್ತನೇ ತರಗತಿಯವರು ಸಾಕು. ಶಿರಸಿಯವರಾದರೆ ಮಾರಿಕಾಂಬಾ ಜಾತ್ರೆಯ ವರ್ಷವೇ ಅಂತ ನೋಡಿಕೊಂಡು ದಿನ ಗೊತ್ತು ಮಾಡಿ. ಆಗ ಊರಿಗೆ ಬರುವ ಹೊರಗಿನ ದಾನಿಗಳನ್ನೂ ಕರೆಯಬಹುದು.

ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ಸಂಬಳ ಕೊಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 7% ಬಡ್ಡಿಯಲ್ಲಿ ಹತ್ತು ಲಕ್ಷಕ್ಕೆ ವರ್ಷಕ್ಕೆ ₹70,000. ಅಂದರೆ ಮೂರೂವರೆ ತಿಂಗಳ ಸಂಬಳ. ಅಷ್ಟು ದುಡ್ಡು ಕೂಡಿಸುವ ಹೊತ್ತಿಗೆ ಮಕ್ಕಳು ಕಾಲೇಜು ಮುಗಿಸಿರುತ್ತಾರೆ. ಮೊದಲ ಐದು ವರ್ಷ ಆ ಯೋಚನೆ ಬೇಡ. ಯಾರಾದರೂ ಹಿರಿಯ ವಕೀಲರ ನೆನಪಿಗೆ ಅಂತ ಮೂಲಧನವಾಗಿಯೇ ಕೊಟ್ಟರೆ ಹಾಗೆಂದು ಬರೆಯಿಸಿಕೊಂಡು ಬ್ಯಾಂಕಿನಲ್ಲಿ ಇಡಿ. ಬಡ್ಡಿ ಜಾಸ್ತಿ ಕೊಡುತ್ತೇವೆ ಅನ್ನುವ ಖಾಸಗಿ ಜಾಗಗಳಲ್ಲಿ ಇಡಬೇಡಿ.

ಸಂಯೋಜಕರು ಒಂದು ದಿನ ಬಿಟ್ಟು ಹೋಗುತ್ತಾರೆ, ಸರ್ಕಾರಿ ಕೆಲಸ ಸಿಗುತ್ತದೆ ಅಥವಾ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಒಂದು ತಿಂಗಳ ಮುನ್ಸೂಚನೆ ಅಂತ ನೇಮಕ ಪತ್ರದಲ್ಲಿ ಬರೆಯಿರಿ. ಶಾಲೆಗಳ ಪಟ್ಟಿ, ಮುಖ್ಯೋಪಾಧ್ಯಾಯರ ನಂಬರ್, ದಾನಿಗಳ ಕಡತ, ಮಕ್ಕಳ ಪ್ರಶ್ನೆ ಪುಸ್ತಕ ಇವೆಲ್ಲ ಸಂಘದ ಕಪಾಟಿನಲ್ಲಿ, ಸಂಘದ ಇಮೇಲಿನಲ್ಲಿ ಇರಲಿ. ಅವರ ಸ್ವಂತ ಫೋನಿನಲ್ಲಿ ಮಾತ್ರ ಇದ್ದರೆ ಹೊಸಬರು ಬಂದ ದಿನ ಎಲ್ಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.